ಗೂಡಿನಿಂದ ಕಂಡಷ್ಟು

ಮೂವತ್ತೊಂದು ವರ್ಷ ಅವಳ ಕಾಲು ನೋಡಿಕೊಂಡೇ ಬದುಕಿದೆ.
ತಪ್ಪು ತಿಳಿಯಬೇಡಿ, ಅದು ನನ್ನ ನೌಕರಿ.
ರಂಗದ ಅಂಚಿನಲ್ಲಿ ಆಮೆಚಿಪ್ಪು ಕವುಚಿಟ್ಟಂಥ ಗೂಡು,
ಎದೆಮಟ್ಟ ಹೂತ ನಾನು, ಮುಂದೆ ಹಸ್ತಪ್ರತಿ,
ಮಿಣುಕು ದೀಪ.
ಪೋರ್ತು ಊರಿನ ಪ್ರಾಂಪ್ಟರ್ ಅಬೀಲಿಯು,
ಮರೆತವರ ಬಾಯಿಗೆ ಮಾತು ಎತ್ತಿಕೊಡುವವನು.

ದಿಯೊಲಿಂದಾ ಸಾರ್ಮೆಂತು ಮೊದಲು ಬಂದದ್ದು
ನಲವತ್ತೊಂದರ ಚಳಿಯಲ್ಲಿ, ತಮ್ಮನ ಬೂಟು ತೊಟ್ಟು.
ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯ ಹುಡುಗಿ.
ತಟ್ಟೆ ಹಿಡಿದು ಬಂದು
'ಚಹಾ ತಣ್ಣಗಾಗುತ್ತೆ ಅಮ್ಮಾ' ಅನ್ನಬೇಕು,
ಪಾತ್ರ ಅಷ್ಟೇ.
ಬೂಟಿನ ತುದಿಗೆ ಬೂತಾಯಿಯದೊಂದು ಹುರುಪೆ ಅಂಟಿತ್ತು,
ನನ್ನ ದೀಪಕ್ಕೆ ಮಿನುಗಿತು.
ಮುಂದಿನ ವಾರ ನಾಯಕಿಗೆ ಮಂಗಬಾವು.
ಇವಳಿಗೋ ಇಡೀ ನಾಟಕ ಬಾಯಿಪಾಠ,
ಗಂಡಸರ ಮಾತೂ ಸೇರಿ.

ಆಮೇಲೆ ಹಿಮ್ಮಡಿಗಳು ಎತ್ತರವಾದವು.
ರಾಣಿ, ವಕೀಲನ ಹೆಂಡತಿ, ವಿಷ ಹಾಕುವ ಅತ್ತಿಗೆ.
ಕೋಪ ಬಂದರೆ ಎಡಗಾಲ ಹೆಬ್ಬೆರಳು ನೆಲ ಒತ್ತುವುದು;
ಅಳುವ ಮೊದಲು ಹಿಮ್ಮಡಿ
ಕೂದಲೆಳೆಯಷ್ಟು ಮೇಲೇಳುವುದು.
ಪತ್ರಿಕೆಯವರು ಕಣ್ಣಿನ ಬಗ್ಗೆ ಬರೆದರು.
ಬರೆಯಲಿ ಬಿಡಿ.

ನೀಲಿ ಪೆನ್ಸಿಲು ನಿಮಗೆ ಗೊತ್ತಿರಲಿಕ್ಕಿಲ್ಲ.
ಸೆನ್ಸಾರಿಗೆ ಹೋದ ಪ್ರತಿ ಮರಳುವಾಗ
ಪುಟವೆಲ್ಲ ಬಾಸುಂಡೆ ಎದ್ದ ಬೆನ್ನು.
ಐವತ್ತೆಂಟರಲ್ಲಿ ಅವಳದು ತಾಯಿಯ ಪಾತ್ರ, ಮಗ ಜೈಲಿನಲ್ಲಿ.
'ಅವನೇನು ಕದ್ದ? ಒಂದು ಹಾಳೆ ಕಾಗದ ಓದಿದ.'
ಈ ಮಾತಿನ ಮೇಲೆ ಗೀಟು.
ಮೊದಲ ರಾತ್ರಿ ಮೂರನೇ ಸಾಲಿನಲ್ಲಿ ಕ್ಯಾಪ್ಟನ್ ಸಾಹೇಬ,
ತೊಡೆಯ ಮೇಲೆ ಪ್ರತಿ.
ಆ ಜಾಗ ಬಂತು. ಅವಳು ನಿಂತಳು.
ಮರೆತಳೆಂದು ಮುಂದಿನ ಮಾತು ಪಿಸುಗುಟ್ಟಿದೆ.
ಬಲಗಾಲು ಮೆಲ್ಲಗೆ ಸರಿದು ಬಂದು
ನನ್ನ ಗೂಡಿನ ಬಾಯಿಗೆ ಅಡ್ಡ ನಿಂತಿತು,
ತೆಪ್ಪಗಿರೋ ಅಂದ ಹಾಗೆ.
ಎಣಿಸಿದೆ. ಹೊಡೆದುಹಾಕಿದ ಮಾತಿಗೆ ಎಷ್ಟು ಹೊತ್ತು ಬೇಕೋ
ಅಷ್ಟೇ ಹೊತ್ತು.
ಗ್ಯಾಲರಿಯಲ್ಲಿ ಯಾರೋ ಮೂಗು ಸೀಟಿದರು.
ಆಮೇಲೆ ಗ್ಯಾಲರಿಗೆ ಗ್ಯಾಲರಿಯೇ ಎದ್ದು ನಿಂತಿತು.
ಕ್ಯಾಪ್ಟನ್ ಪುಟ ತಿರುವಿದ, ಹಿಂದಕ್ಕೆ ತಿರುವಿದ.
ಆಡದ ಮಾತಿಗೆ ಗೀಟು ಎಲ್ಲಿ ಹಾಕುತ್ತಾನೆ?

ಸಿನಿಮಾ ಹೇಳುವುದು ಬಿಟ್ಟೆ, ಅದು ಇದಕ್ಕೂ ಮೊದಲು.
ನಾಲ್ಕು ಚಿತ್ರ, ನಾಲ್ಕರಲ್ಲೂ ಗಂಡ ಕಡಲುಪಾಲು.
ಕಪ್ಪು ಶಾಲೂ ಒಂದೇ ಅಂತ ಅವಳೇ ನಗುತ್ತಿದ್ದಳು.
ಟಿಕೀಟು ಕೊಂಡು ಹೋದೆ.
ಮುಖ ಮೊದಲು ಕಂಡಿರಲಿಲ್ಲವೇ? ಕಂಡಿದ್ದೆ,
ಸಂಬಳದ ದಿನ ಸರದಿಯಲ್ಲಿ ನಿಂತ ಮುಖ.
ಇದು ಮನೆಯಷ್ಟು ದೊಡ್ಡದು,
ಗಲ್ಲದ ಮೇಲೆ ನನಗೆ ಗೊತ್ತಿರದ ಮಚ್ಚೆ.
ಕಾಲು ಮಾತ್ರ ಎಲ್ಲೂ ತೋರಿಸಲಿಲ್ಲ, ದರಿದ್ರದವರು.
ಮಾತಿಗೆ ಮುಂಚೆ ಅವಳು ಉಸಿರೆಳೆದಾಗ
ಕತ್ತಲಲ್ಲಿ ನನ್ನ ತುಟಿ ಅಲುಗಿತು.
ಮುಂದಿನ ಸೀಟಿನ ಹೆಂಗಸು ತಿರುಗಿ 'ಶ್' ಅಂದಳು.

ಆ ರಾತ್ರಿಯ ಬೆಲೆ: ಹನ್ನೊಂದು ತಿಂಗಳು ರಂಗವಿಲ್ಲ.
ರೇಡಿಯೋದಲ್ಲಿ ಸಾಬೂನಿನ ಜಾಹೀರಾತು ಓದಿದಳು,
ಸಾಬೂನು ಕೊಳ್ಳುವವರಿಗೂ ಗಂಟಲು ಕಟ್ಟುವ ಹಾಗೆ.
ಮರಳಿ ಬಂದಾಗ ಅತ್ತೆಯ ಪಾತ್ರ, ಅಜ್ಜಿಯ ಪಾತ್ರ,
ಕೂತೇ ಆಡುವ ಪಾತ್ರ.

ಈಗ ನದಿಯ ಕಡೆಗೆ ಕಿಟಕಿಯಿರುವ ಬಾಡಿಗೆ ಕೋಣೆ.
ಗುರುವಾರ ಕೋಸಿನ ಸಾರು ಒಯ್ಯುತ್ತೇನೆ.
ಊರು, ಇಸವಿ, ತಮ್ಮನ ಹೆಸರು,
ಒಂದೊಂದೇ ಇಳಿದು ಹೋಗಿವೆ.
ಕುರ್ಚಿ ಎಳೆದು ಎದುರು ಕೂತರೆ
ಯಾರು ನೀವು, ಬಾಡಿಗೆಗೆ ಬಂದಿರಾ ಅನ್ನುತ್ತಾಳೆ.
ಮೊಣಕಾಲು ನೊಂದರೂ ನೆಲಕ್ಕೆ ಕೂರುತ್ತೇನೆ,
ಅವಳ ಪಾದದ ಮಟ್ಟಕ್ಕೆ,
ಪಿಸುದನಿಯಲ್ಲಿ 'ಚಹಾ ತಣ್ಣಗಾಗುತ್ತೆ' ಅನ್ನುತ್ತೇನೆ.

'ಅಬೀಲಿಯು! ಇವತ್ತು ಯಾವ ನಾಟಕವೋ?'

ಬಾಯಿಗೆ ಬಂದದ್ದು ಯಾವುದೋ ಹೇಳುತ್ತೇನೆ.
ಅವಳು ಮಂಚದ ಕೆಳಗೆ ಕಾಲಾಡಿಸಿ
ಚಪ್ಪಲಿ ಹುಡುಕುತ್ತಾಳೆ.